ಔಷಧಿ ಉಚಿತ, ಆದರೂ ಕ್ಷಯ ಬಂದ ಮನೆಗೆ ಸಾಲವೇಕೆ?

ಅಡಿಕೆ ಅಂಗಳ:

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟ. ಹದಿಮೂರು ವರ್ಷಗಳಿಂದ ನಮ್ಮಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನಿಗೆ ಕಳೆದ ಸುಗ್ಗಿಯ ಆರಂಭದಲ್ಲಿ ಕೆಮ್ಮು ಹಿಡಿಯಿತು. ಮೊದಲು ಔಷಧಿ ಅಂಗಡಿಯ ಸಿರಪ್ಪು, ಆಮೇಲೆ ಪೇಟೆಯ ಒಬ್ಬ ವೈದ್ಯರು, ಅಲ್ಲಿಂದ ಮತ್ತೊಬ್ಬರು, ನಡುವೆ ಎಕ್ಸ್‌-ರೇ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಆಗಿ, ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದಾಗ ಕ್ಷಯವೆಂದು ಗೊತ್ತಾಯಿತು. ಅಲ್ಲಿಂದ ಮುಂದೆ ಆರು ತಿಂಗಳ ಮಾತ್ರೆಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಈಗ ಅವನಿಗೆ ರೋಗವಿಲ್ಲ, ಆದರೆ ಸಂಘದ ಸಾಲವಿದೆ.

ಅವನ ಹೆಂಡತಿ ಮಗಳ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಳು. ನಾನು ಕೂಡಿಸಿ ನೋಡಿದೆ. ರೋಗ ಯಾವುದೆಂದು ಗೊತ್ತಾಗುವ ಮೊದಲೇ ವೈದ್ಯರಿಗೆ, ಪರೀಕ್ಷೆಗೆ, ಔಷಧಿಗೆ ₹14,300 ಆಗಿದೆ. ಬಸ್ಸು, ಆಟೋ, ಹೊರಗಿನ ಊಟಕ್ಕೆ ₹3,100. ಇನ್ನು ಅವನು ಮರ ಹತ್ತಲಾಗದೆ ಕಳೆದುಕೊಂಡದ್ದು 52 ದಿನದ ಕೂಲಿ, ದಿನಕ್ಕೆ ₹1,200ರಂತೆ ₹62,400. ಒಟ್ಟು ₹79,800. ಆ ಮನೆಯ ವರ್ಷದ ಆದಾಯ ಹೆಚ್ಚೆಂದರೆ ₹1,90,000. ಸರ್ಕಾರದ ಪೋಷಣೆಯ ಹಣ ತಿಂಗಳಿಗೆ ₹1,000ದಂತೆ ಒಟ್ಟು ₹6,000 ಬಂದಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಮೊದಲ ಕಂತು ತಡವಾಯಿತು.

ಚಿಕಿತ್ಸೆಯೇ ಉಚಿತವಾಗಿರುವಾಗ ವರ್ಷದ ದುಡಿಮೆಯ ನೂರಕ್ಕೆ 42 ಪಾಲು ಹೋಗುವುದೆಂದರೆ ಇದು ನಮ್ಮ ಕೊನೆಗಾರನ ದುರದೃಷ್ಟವೋ, ಎಲ್ಲೆಡೆಯೂ ಹೀಗೆಯೋ? ಜಗತ್ತಿನಲ್ಲಿ ಕ್ಷಯಕ್ಕೆಂದು ಬರುವ ಹಣವನ್ನು ಕೊಡುವವರು ಯಾರು, ಅದು ಎಲ್ಲಿಗೆ ಹೋಗುತ್ತದೆ? ನಮಗಿಂತ ಬಡ ದೇಶಗಳಲ್ಲಿ ಜನ ಹೇಗೆ ನಿಭಾಯಿಸುತ್ತಾರೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಮೇಲ್ವಿಚಾರಕ:

ನಾನು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಹದಿನೇಳು ವರ್ಷ ಕ್ಷಯ ಚಿಕಿತ್ಸಾ ಮೇಲ್ವಿಚಾರಕನಾಗಿ ಬೈಕಿನ ಮೇಲೆ ಹಳ್ಳಿ ಸುತ್ತಿದವನು. ತಾವು ಬರೆದ ಲೆಕ್ಕವನ್ನು ಓದುವಾಗ ನನಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆ 2014ರಲ್ಲಿ ಪ್ರಕಟವಾಯಿತು. ರೋಗಿಯ ಮನೆ ಹೊರುವ ಒಟ್ಟು ಭಾರದಲ್ಲಿ ಸರಾಸರಿ 20% ಮಾತ್ರ ವೈದ್ಯಕೀಯ ಖರ್ಚು, ಇನ್ನೊಂದು 20% ಪ್ರಯಾಣ ಮತ್ತು ಊಟದಂತಹ ಖರ್ಚು, ಉಳಿದ 60% ದುಡಿಯಲಾಗದೆ ಹೋದ ಆದಾಯ ಎಂದು ಅದು ಕಂಡುಕೊಂಡಿತು. ಅಲ್ಲದೆ ಈ ಭಾರದ ಸುಮಾರು ಅರ್ಧ ಭಾಗ ಚಿಕಿತ್ಸೆಯ ಮೊದಲ ಮಾತ್ರೆ ನುಂಗುವ ಮೊದಲೇ ಬಿದ್ದಿರುತ್ತದೆ. ತಮ್ಮ ಕೊನೆಗಾರನಿಗೆ ಕೂಲಿಯ ಪಾಲು ಇನ್ನೂ ಹೆಚ್ಚಾಗಿದೆ, ಏಕೆಂದರೆ ವರ್ಷದ ಗಳಿಕೆಯೆಲ್ಲ ಬರುವ ಸುಗ್ಗಿಯಲ್ಲೇ ಅವನು ಮಲಗಿದ.

ಕುಟುಂಬದ ವಾರ್ಷಿಕ ಆದಾಯದ 20%ಗಿಂತ ಹೆಚ್ಚು ಹಣ ಕ್ಷಯಕ್ಕೆ ಹೋದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಮನೆ ಮುಳುಗಿಸುವ ವೆಚ್ಚವೆಂದು ಪರಿಗಣಿಸುತ್ತದೆ. ಈ 20% ಯಾರೋ ಕಚೇರಿಯಲ್ಲಿ ಕುಳಿತು ಎಳೆದ ಗೆರೆಯಲ್ಲ. ಪೆರು ದೇಶದ ಲಿಮಾ ನಗರದ ಬಡ ಬಡಾವಣೆಗಳ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ಖರ್ಚು ಆ ಮಟ್ಟವನ್ನು ದಾಟಿದ ಮನೆಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು, ರೋಗ ಮರುಕಳಿಸುವುದು, ಸಾವು ಸಂಭವಿಸುವುದು ಹೆಚ್ಚೆಂದು ಕಂಡುಬಂತು. ಆ ಅಧ್ಯಯನದಿಂದ ಬಂದ ಗೆರೆ ಇದು. ಬೇರೆ ಬೇರೆ ದೇಶಗಳು ನಡೆಸಿದ ಸಮೀಕ್ಷೆಗಳನ್ನು ಸೇರಿಸಿ ನೋಡಿದರೆ ಕ್ಷಯ ಬಂದ ಕುಟುಂಬಗಳಲ್ಲಿ ಸುಮಾರು ಅರ್ಧದಷ್ಟು ಈ ಗೆರೆಯನ್ನು ದಾಟುತ್ತವೆ. ತಮ್ಮ ಕೊನೆಗಾರನ ಮನೆ ಅದರ ಎರಡು ಪಟ್ಟು ಮೇಲಿದೆ.

ಇದಕ್ಕೊಂದು ಹಳೆಯ ಹಿನ್ನೆಲೆಯೂ ಇದೆ. 1956ರಲ್ಲಿ ಆಗಿನ ಮದ್ರಾಸಿನಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಿಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಹಾಲು, ಮೊಟ್ಟೆ, ವಿಶ್ರಾಂತಿಯೊಂದಿಗೆ ಇಟ್ಟು, ಇನ್ನೊಂದನ್ನು ಅವರವರ ಬಡ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದೇ ಔಷಧಿ ಕೊಟ್ಟು ನೋಡಿದರು. ಫಲಿತಾಂಶದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅದೊಂದು ದೊಡ್ಡ ವರದಾನವೇ ಸರಿ. ಹಾಸಿಗೆಗಳನ್ನು ಕಟ್ಟಿಸಲು ಶಕ್ತಿಯಿಲ್ಲದ ದೇಶಗಳೆಲ್ಲ ಅದರ ಬಲದ ಮೇಲೆ ಮನೆಯಲ್ಲೇ ಚಿಕಿತ್ಸೆ ಕೊಡಲು ಹೊರಟವು. ಆದರೆ ಸ್ಯಾನಿಟೋರಿಯಮ್ಮಿನ ಅಡುಗೆಮನೆಯ ಖರ್ಚು ಅಂದಿನಿಂದ ರೋಗಿಯ ಮನೆಯ ಒಲೆಗೆ ವರ್ಗವಾಯಿತು ಎಂಬುದನ್ನು ಸರ್ಕಾರಗಳು ಯಾವ ಲೆಕ್ಕಪುಸ್ತಕದಲ್ಲೂ ಬರೆಯಲಿಲ್ಲ.

ರೋಗಿ ತಡವಾಗಿ ಬಂದ ಎಂದು ದೂರುವವರಿಗೂ ಒಂದು ಮಾತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಯವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಯಾವುದೋ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿದ್ದರು. ಅವರು ಬಂದಿದ್ದರು, ಕಫ ನೋಡುವವರು ಇರಲಿಲ್ಲ. ತಮ್ಮ ₹14,300 ಹೋದದ್ದೂ ಅಲ್ಲಿಯೇ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲ ದಿನವೇ ಒಂದು ಕಫದ ಡಬ್ಬಿ ಕೈಗೆ ಕೊಟ್ಟಿದ್ದರೆ ಆ ಮೊತ್ತದ ಬಹುಪಾಲು ಉಳಿಯುತ್ತಿತ್ತು.

ಲಿಲೋಂಗ್ವೆ ನಿವಾಸಿ:

ನಾನು ಮೂಲತಃ ಹಾವೇರಿ ಜಿಲ್ಲೆಯವನು, ಕೆಲವು ವರ್ಷಗಳಿಂದ ಮಲಾವಿಯ ರಾಜಧಾನಿ ಲಿಲೋಂಗ್ವೆಯಲ್ಲಿ ಔಷಧಿ ಸಾಗಣೆಯ ಉದ್ಯೋಗದಲ್ಲಿದ್ದೇನೆ. ನಮಗಿಂತ ಬಡ ದೇಶಗಳ ಪ್ರಶ್ನೆಗೆ ಇಲ್ಲಿಂದಲೇ ಉತ್ತರಿಸಬಹುದು.

ಮಲಾವಿಯಲ್ಲಿಯೂ ಸರ್ಕಾರಿ ಆಸ್ಪತ್ರೆಯ ಕ್ಷಯ ಚಿಕಿತ್ಸೆ ಉಚಿತ. ಇದೇ ಲಿಲೋಂಗ್ವೆಯ ರೋಗಿಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕ್ಷಯವೆಂದು ಪತ್ತೆಯಾಗುವಷ್ಟರಲ್ಲಿ ಒಬ್ಬ ರೋಗಿ ಸರಾಸರಿ 13 ಡಾಲರ್ ಖರ್ಚು ಮಾಡಿ 22 ದಿನದ ಕೆಲಸ ಕಳೆದುಕೊಂಡಿದ್ದ. 13 ಡಾಲರ್ ಎಂದರೆ ಅಲ್ಪವೆನಿಸಬಹುದು, ಆದರೆ ಅದು ಅವನ 18 ದಿನದ ಆದಾಯ. ಬಡವರಲ್ಲಿ ಒಟ್ಟು ನಷ್ಟ ತಿಂಗಳ ಆದಾಯದ 248%ಕ್ಕೆ ಮುಟ್ಟಿತ್ತು. ಊಟದ ಖರ್ಚು ಕಳೆದು ಕೈಯಲ್ಲಿ ಉಳಿಯುವ ಹಣಕ್ಕೆ ಹೋಲಿಸಿದರೆ 574%.

ಅಂಕಿ ಹೇಳದ ಒಂದು ಸಂಗತಿಯನ್ನು ನಾನು ಕಣ್ಣಾರೆ ನೋಡುತ್ತಿರುತ್ತೇನೆ. ಇಲ್ಲಿ ಆಸ್ಪತ್ರೆಗೆ ಸೇರಿದವರೊಂದಿಗೆ ಮನೆಯವರೊಬ್ಬರು ಕಡ್ಡಾಯವೆಂಬಂತೆ ಇರಬೇಕು. ಆಸ್ಪತ್ರೆಯ ಹಿಂಬದಿಯ ಅಂಗಳದಲ್ಲಿ ಹೆಂಗಸರು ಮೂರು ಕಲ್ಲಿನ ಒಲೆ ಹೂಡಿ, ಸೌದೆ ಕೊಂಡು ತಂದು, ಮೆಕ್ಕೆಜೋಳದ ಹಿಟ್ಟನ್ನು ತೊಳಸಿ, ನಮ್ಮ ರಾಗಿ ಮುದ್ದೆಯ ಅಕ್ಕನೋ ತಂಗಿಯೋ ಎನ್ನುವಂತಹ ನ್ಸಿಮಾ ಬೇಯಿಸುತ್ತಾರೆ. ರೋಗಿಯ ಬಟ್ಟೆ ಒಗೆಯುವುದೂ ಅವರೇ. ಮಳೆ ಬಂದ ವಾರ ಆ ಹೆಂಗಸು ಊರಿನಲ್ಲಿರದಿದ್ದರೆ ಹೊಲಕ್ಕೆ ಬಿತ್ತನೆಯಿಲ್ಲ, ಬಿತ್ತನೆಯಿಲ್ಲದಿದ್ದರೆ ಮುಂದಿನ ವರ್ಷ ಹಿಟ್ಟಿಲ್ಲ. ಒಬ್ಬನಿಗೆ ರೋಗ ಬಂದರೆ ಇಬ್ಬರ ದುಡಿಮೆ ನಿಲ್ಲುತ್ತದೆ. ಅಡಿಕೆ ಅಂಗಳ ಅವರ ನೋಟ್‌ಬುಕ್ಕಿನಲ್ಲಿಯೂ ಕೊನೆಗಾರನ ಹೆಂಡತಿ ತನ್ನ ಕೂಲಿಯನ್ನು ಬರೆದುಕೊಂಡಿಲ್ಲ ಎಂಬುದನ್ನು ಗಮನಿಸಿದೆ.

ಇನ್ನು ಹಣದ ಮೂಲ. ವಿಶ್ವಸಂಸ್ಥೆಯ 2023ರ ಉನ್ನತ ಮಟ್ಟದ ಸಭೆಯಲ್ಲಿ, 2027ರ ಹೊತ್ತಿಗೆ ಕ್ಷಯದ ತಪಾಸಣೆ, ಚಿಕಿತ್ಸೆ ಮತ್ತು ತಡೆಗೆ ವರ್ಷಕ್ಕೆ 2,200 ಕೋಟಿ ಡಾಲರ್ ಒದಗಿಸುವುದಾಗಿ ರಾಷ್ಟ್ರಗಳು ಒಪ್ಪಿಕೊಂಡವು. 2023ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ನಿಜವಾಗಿ ಲಭ್ಯವಾದದ್ದು 570 ಕೋಟಿ ಡಾಲರ್, ಅಂದರೆ ನಾಲ್ಕನೆಯ ಒಂದು ಪಾಲು. ಅದರಲ್ಲಿ ಸುಮಾರು 80% ಆಯಾ ದೇಶಗಳ ಬೊಕ್ಕಸದಿಂದಲೇ ಬಂದದ್ದು. ಆದರೆ ಈ ಸರಾಸರಿಯನ್ನು ನಂಬಿ ಮೋಸ ಹೋಗಬಾರದು. ಭಾರತ, ಚೀನಾ, ಬ್ರೆಜಿಲ್, ರಷ್ಯಾ, ದಕ್ಷಿಣ ಆಫ್ರಿಕಾಗಳನ್ನು ಬದಿಗಿಟ್ಟರೆ ಚಿತ್ರವೇ ಬದಲಾಗುತ್ತದೆ; ಮಲಾವಿಯಂತಹ ದೇಶಗಳು ಹೊರಗಿನ ಹಣವಿಲ್ಲದೆ ಕಫದ ಡಬ್ಬಿಯನ್ನೂ ಕೊಳ್ಳುವುದು ಕಷ್ಟ.

ಆ ಹೊರಗಿನ ಹಣದ ಮುಕ್ಕಾಲು ಪಾಲು ಬರುವುದು ಜಿನೀವಾದ ಗ್ಲೋಬಲ್ ಫಂಡ್ ಎಂಬ ಒಂದೇ ತೊಟ್ಟಿಯಿಂದ. 2002ರಲ್ಲಿ ಆರಂಭವಾದ ಈ ನಿಧಿ ಏಡ್ಸ್, ಕ್ಷಯ, ಮಲೇರಿಯಾ ಮೂರಕ್ಕೂ ಹಣ ಕೊಡುತ್ತದೆ. ಮೂರರಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವುದು ಕ್ಷಯವಾದರೂ (2023ರಲ್ಲಿ 12.5 ಲಕ್ಷ ಸಾವು) ಬಹುಕಾಲ ಅದರ ಪಾಲು ಕೇವಲ 18% ಇತ್ತು. ಈ ನಿಧಿಗೆ ಅತಿ ಹೆಚ್ಚು ಕೊಡುವುದು ಅಮೆರಿಕ. ಒಟ್ಟು ಕೊಡುಗೆಯ 33% ಮೀರಬಾರದೆಂಬ ಮಿತಿಯನ್ನು ಅವರ ಕಾನೂನೇ ಹಾಕಿದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಏನಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ ತಿಂಗಳಿನಲ್ಲಿ ತಿಳಿಸಿತು: 27 ದೇಶಗಳಲ್ಲಿ ಔಷಧಿ ಪೂರೈಕೆ, ಪ್ರಯೋಗಾಲಯ, ಮಾದರಿ ಸಾಗಣೆ, ದಾಖಲಾತಿ ಇವೆಲ್ಲ ಕುಸಿಯತೊಡಗಿದ್ದವು. ಸಾಗಣೆಯವನಾಗಿ ನಾನು ಹೇಳುವುದಿಷ್ಟು: ಮಾತ್ರೆ ಉಗ್ರಾಣದಲ್ಲಿದ್ದರೂ ಅದನ್ನು ಹಳ್ಳಿಗೆ ಒಯ್ಯುವ ಹುಡುಗನ ಸಂಬಳ ನಿಂತರೆ ರೋಗಿಯ ಪಾಲಿಗೆ ಮಾತ್ರೆಯಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಜೋಹಾನ್ಸ್‌ಬರ್ಗ್‌ನ ಸಭೆಯಲ್ಲಿ ನಿಧಿ ಕೇಳಿದ್ದು 1,800 ಕೋಟಿ ಡಾಲರ್, ದಾನಿಗಳು ಮಾತು ಕೊಟ್ಟದ್ದು 1,134 ಕೋಟಿ.

ಔಷಧಶಾಸ್ತ್ರದ ವಿದ್ಯಾರ್ಥಿ:

ಹಿರಿಯರ ಮಾತಿಗೆ ಒಂದು ತಿದ್ದುಪಡಿ ಸೂಚಿಸಲು ಅನುಮತಿ ಬೇಡುತ್ತೇನೆ. ವೈದ್ಯಕೀಯ ಖರ್ಚು ಚಿಕ್ಕ ಪಾಲು ಎಂಬುದು ಸಾಮಾನ್ಯ ಕ್ಷಯಕ್ಕೆ ಸರಿ. ಅದರ ಆರು ತಿಂಗಳ ಮಾತ್ರೆಗಳು ಅಂತರರಾಷ್ಟ್ರೀಯ ಖರೀದಿಯಲ್ಲಿ 50 ಡಾಲರ್‌ಗಿಂತ ಕಡಿಮೆಗೆ ಸಿಗುತ್ತವೆ. ಔಷಧಿಗೆ ಬಗ್ಗದ ಕ್ಷಯದ ಲೆಕ್ಕ ಬೇರೆ. ಅಲ್ಲಿ ರೋಗಿ ಹಣ ಕೊಡದಿದ್ದರೂ ಯಾರೋ ಕೊಡಲೇಬೇಕು, ಮತ್ತು ಬೆಲೆ ಹೆಚ್ಚಿದ್ದಷ್ಟೂ ಅದೇ ನಿಧಿಯಲ್ಲಿ ಕಡಿಮೆ ಜನಕ್ಕೆ ಚಿಕಿತ್ಸೆ ಸಿಗುತ್ತದೆ.

ಅಂತಹ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಎಂಬ ಔಷಧಿಯನ್ನು ನೋಡಿ. ಅಮೆರಿಕದಲ್ಲಿ 2012ರ ಕೊನೆಗೆ ಒಪ್ಪಿಗೆ ಪಡೆದ ಇದು ಕ್ಷಯಕ್ಕೆ ದಶಕಗಳ ನಂತರ ಬಂದ ಹೊಸ ಬಗೆಯ ಔಷಧಿ. 2020ರಲ್ಲಿ ಬಡ ದೇಶಗಳಿಗೆ ಆರು ತಿಂಗಳ ಪ್ರಮಾಣಕ್ಕೆ 340 ಡಾಲರ್ ಇತ್ತು. ಪೇಟೆಂಟನ್ನು ಇನ್ನಷ್ಟು ವರ್ಷ ಎಳೆಯುವಂತಹ ಎರಡನೆಯ ಅರ್ಜಿಯನ್ನು ಕಂಪನಿ ಭಾರತದಲ್ಲಿ ಸಲ್ಲಿಸಿದಾಗ ಅದನ್ನು ವಿರೋಧಿಸಿದವರಲ್ಲಿ ಇಬ್ಬರು ಕ್ಷಯದಿಂದ ಬದುಕುಳಿದ ಯುವತಿಯರಿದ್ದರು: ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಹಳೆಯ ಚುಚ್ಚುಮದ್ದಿನ ಚಿಕಿತ್ಸೆಯಿಂದ ಇಬ್ಬರೂ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು, ಜುಲೈಯಲ್ಲಿ ಮೂಲ ಪೇಟೆಂಟ್ ಮುಗಿಯಿತು, ಭಾರತೀಯ ತಯಾರಕರು ಪೈಪೋಟಿಗಿಳಿದರು. ಅದೇ ವರ್ಷ ಜಾಗತಿಕ ಖರೀದಿಯ ಬೆಲೆ 130 ಡಾಲರ್‌ಗೆ ಇಳಿಯಿತು. ಯಾವ ದಾನಿಯೂ ಹೊಸದಾಗಿ ಒಂದು ಡಾಲರ್ ಕೊಡದೆ, ಅದೇ ಹಣದಲ್ಲಿ ಎರಡೂವರೆ ಪಟ್ಟು ರೋಗಿಗಳಿಗೆ ಔಷಧಿ ಸಿಗುವಂತಾಯಿತು.

ಇದಕ್ಕಿಂತ ಕುಟುಂಬಕ್ಕೆ ಹತ್ತಿರದ ಲಾಭವೂ ಇದೆ. ಮೊದಲು ಒಂದೂವರೆ ವರ್ಷಕ್ಕೂ ಮಿಕ್ಕಿ ನಡೆಯುತ್ತಿದ್ದ ಆ ಚಿಕಿತ್ಸೆ ಈ ಔಷಧಿಯಿರುವ ಹೊಸ ಕ್ರಮದಲ್ಲಿ ಅನೇಕರಿಗೆ ಆರು ತಿಂಗಳಿಗೆ ಮುಗಿಯುತ್ತದೆ, ಚುಚ್ಚುಮದ್ದೂ ಇಲ್ಲ. ಒಂದು ವರ್ಷದ ಕೂಲಿ ಉಳಿಯುವುದೆಂದರೆ ಹಿರಿಯರು ಹೇಳಿದ 60%ದ ಪಾಲೇ ಇಳಿದಂತೆ.

ಪರೀಕ್ಷೆಯದ್ದೂ ಇದೇ ಕಥೆ. ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲಿ ಒಬ್ಬ ರೋಗಿಯ ಕಫ ನೋಡಲು ಬೇಕಾದ ಒಂದು ಕಾರ್ಟ್ರಿಡ್ಜ್ 2012ರಲ್ಲಿ ದಾನಿಗಳು ಕೈಜೋಡಿಸಿದ ಮೇಲೆ 16.86ರಿಂದ 9.98 ಡಾಲರ್‌ಗೆ ಇಳಿದು ಹನ್ನೊಂದು ವರ್ಷ ಅಲ್ಲಿಯೇ ನಿಂತಿತ್ತು. 5 ಡಾಲರ್‌ಗೆ ಕೊಡಬಹುದೆಂದು ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು ಎಂಬ ಸೇವಾ ಸಂಸ್ಥೆ) ಮತ್ತಿತರ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2023ರಲ್ಲಿ 7.97 ಆಯಿತು. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ಇದೇ ಬಗೆಯ ಪರೀಕ್ಷಾ ಯಂತ್ರ ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟ್ ನೆಚ್ಚಲಾಗದ ಆರೋಗ್ಯ ಕೇಂದ್ರಕ್ಕೂ ಒಯ್ಯಬಹುದು.

ನೇತ್ರಾವತಿ ದಂಡೆ:

ಎಲ್ಲ ಸರಿ, ಆದರೆ ಖಾತೆಗೆ ಹಾಕುವ ಈ ಸಾವಿರ ರೂಪಾಯಿಯಿಂದ ಪ್ರಯೋಜನವೇನು? ಮನೆಯ ಯಜಮಾನ ಅದನ್ನು ಬೇರೆ ದಾರಿಗೆ ಖರ್ಚು ಮಾಡಿದರೆ ಕೇಳುವವರು ಯಾರು? ದುಡ್ಡಿನ ಬದಲು ಧಾನ್ಯವನ್ನೇ ಕೊಡಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಮಾಡಿ ತೋರಿಸಿದ್ದು ಅದನ್ನೇ ಅಲ್ಲವೇ? 2,800 ರೋಗಿಗಳ ಮನೆಗಳಿಗೆ ಅವರು ಹೋದರು. ರೋಗಿಗಳೆಲ್ಲರಿಗೂ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಇದ್ದ ಬುಟ್ಟಿ ಸಿಕ್ಕಿತು; ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ಅಕ್ಕಿ ಬೇಳೆ ಕೊಟ್ಟರು. ಉಳಿದವರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39% ಕಡಿಮೆಯಾಯಿತು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದವರಿಗೆ ಸಾವಿನ ಅಪಾಯ 61% ಕಡಿಮೆಯಿತ್ತು. ಇಷ್ಟು ಕಡಿಮೆ ಖರ್ಚಿನ ಲಸಿಕೆ ಬೇರೆ ಯಾವುದಿದೆ?

ನಿವೃತ್ತ ಮೇಲ್ವಿಚಾರಕ:

ಆ ಅಧ್ಯಯನದ ಬಗ್ಗೆ ನನಗೂ ಅಪಾರ ಗೌರವವಿದೆ. ಮದ್ರಾಸಿನ ಪ್ರಯೋಗದ ನಂತರ ನಾವು ಅರವತ್ತು ವರ್ಷ ಮರೆತಿದ್ದ ಅಡುಗೆಮನೆಯನ್ನು ಅದು ಮತ್ತೆ ಮುಂದಕ್ಕೆ ತಂದಿತು. ಆದರೆ ಹಣ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಕಂಡ ಮನೆಗಳಲ್ಲಿ ಆ ಹಣ ಹೋದದ್ದು ಹೆಚ್ಚಾಗಿ ಅಂಗಡಿಯ ಬಾಕಿ ತೀರಿಸಲು, ಬಸ್ಸಿನ ಟಿಕೆಟ್ಟಿಗೆ, ಮಗುವಿನ ಹಾಲಿಗೆ. 2018ರಲ್ಲಿ ₹500 ಎಂದು ಆರಂಭವಾದದ್ದು 2024ರ ನವೆಂಬರಿನಿಂದ ₹1,000 ಆಗಿದೆ. ಮೊಟ್ಟೆ ಒಂದಕ್ಕೆ ಏಳು ರೂಪಾಯಿಯಾದರೆ ದಿನಕ್ಕೆ ಎರಡರಂತೆ ತಿಂಗಳಿಗೆ ₹420 ಅದಕ್ಕೇ ಬೇಕು. ಉಳಿದದ್ದರಲ್ಲಿ ಬೇಳೆ, ಎಣ್ಣೆ, ಹಾಲು. ರೋಗಿ ಒಬ್ಬನೇ ತಿಂದರೆ ಸಾಕಾದೀತು, ಆದರೆ ನಾಲ್ಕು ತಟ್ಟೆಯಿರುವ ಮನೆಯಲ್ಲಿ ಅಪ್ಪನಿಗೆ ಮಾತ್ರ ಮೊಟ್ಟೆ ಬೇಯಿಸುವ ತಾಯಿ ನನಗಂತೂ ಸಿಗಲಿಲ್ಲ. ಹಾಗಾಗಿ ಧಾನ್ಯ ಇಡೀ ಮನೆಗೆ ಬರಲಿ, ಹಣವೂ ಇರಲಿ. ಒಂದಕ್ಕೆ ಇನ್ನೊಂದು ಬದಲಿಯಲ್ಲ.

ಅಡಿಕೆ ಅಂಗಳ ಅವರಿಗೆ ಎರಡು ಪ್ರಶ್ನೆ. ಕೊನೆಗಾರನ ಹೆಂಡತಿ ಮಕ್ಕಳ ತಪಾಸಣೆ ಆಗಿದೆಯೇ? ಆಗಿರದಿದ್ದರೆ ಇದೇ ವಾರ ಕರೆದೊಯ್ಯಿರಿ. ರೋಗವಿಲ್ಲವೆಂದು ಖಚಿತವಾದರೆ ತಡೆಯುವ ಮಾತ್ರೆಯೂ ಉಚಿತವಾಗಿಯೇ ಸಿಗುತ್ತದೆ. ಎರಡನೆಯದನ್ನು ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ. ಆ 52 ದಿನಗಳಲ್ಲಿ ತಮ್ಮ ತೋಟದ ದಿನಗಳೆಷ್ಟು?

ಅಡಿಕೆ ಅಂಗಳ:

ಎಲ್ಲರಿಗೂ ಕೃತಜ್ಞತೆಗಳು. ತಪಾಸಣೆ ಆಗಿರಲಿಲ್ಲ, ಮಗಳಿಗೆ ಶಾಲೆಯ ಪರೀಕ್ಷೆ ಮುಗಿಯುವುದು ಶನಿವಾರ, ಸೋಮವಾರ ಮೂವರನ್ನೂ ನಾನೇ ಕರೆದೊಯ್ಯುತ್ತೇನೆ.

ಎರಡನೆಯ ಪ್ರಶ್ನೆ ಓದಿದ ಮೇಲೆ ನಮ್ಮ ಬಟವಾಡೆ ಪುಸ್ತಕ ತೆಗೆದು ನೋಡಿದೆ. 21 ದಿನ. ಆ ದಿನಗಳಿಗೆ ಪಕ್ಕದ ಊರಿನಿಂದ ಬೇರೆ ಕೊನೆಗಾರನನ್ನು ಕರೆಸಿದ್ದೆವು, ಅವನ ಕೂಲಿ ಬರೆದಿದೆ. ನಮ್ಮವನ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದಿದೆ, ಅದು ನನ್ನದೇ ಕೈಬರಹ. 21 ದಿನಕ್ಕೆ ₹25,200. ಸರ್ಕಾರ ಕೊಟ್ಟದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು. ನಾನು ಇದುವರೆಗೆ ಹಣದ ಮೂಲವನ್ನು ಜಿನೀವಾದಲ್ಲಿ ಹುಡುಕುತ್ತಿದ್ದೆ.

ಅವನ ಸಂಘದ ಸಾಲದಲ್ಲಿ ಇನ್ನು ಸುಮಾರು ₹22,000 ಬಾಕಿಯಿದೆ. ಅದನ್ನು ಕೊಡಬೇಕೆಂದಿದ್ದೇನೆ, ಆದರೆ ಹೇಗೆ ಕೊಡುವುದೆಂದು ತೋಚುತ್ತಿಲ್ಲ. ನಮ್ಮ ಕಡೆ ತೋಟದವರು ಕೊನೆಗಾರನಿಗೆ ಕೊಡುವ ಹಣಕ್ಕೆ ಮುಂಗಡ ಎಂಬ ಒಂದೇ ಹೆಸರಿರುವುದು. ಮುಂಗಡವೆಂದು ಬರೆದರೆ ಈ ಸುಗ್ಗಿಗೆ ಅವನು ಮರ ಹತ್ತಲೇಬೇಕೆಂದು ತಾನೇ ತೀರ್ಮಾನಿಸಿಬಿಡುತ್ತಾನೆ. ಶ್ವಾಸಕೋಶದ ಗಾಯ ಪೂರ್ತಿ ಮಾಗಿಲ್ಲ, ಈ ವರ್ಷ ಹತ್ತುವುದು ಬೇಡವೆಂದು ವೈದ್ಯರು ಹೇಳಿದ್ದಾರೆ. ನೆಲದ ಮೇಲಿನ ಕೆಲಸ, ಅಂದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದರ ಮೇಲ್ವಿಚಾರಣೆಯನ್ನು ಅವನಿಗೆ ವಹಿಸಿ ಅದೇ ₹1,200 ಬಟವಾಡೆ ಮಾಡೋಣವೆಂದು ಮನೆಯಲ್ಲಿ ಮಾತಾಗಿದೆ. ಅವನು ಒಪ್ಪಿದರೆ ಇಲ್ಲಿ ತಿಳಿಸುತ್ತೇನೆ.